ರಾಗಿ, ಹುರುಳಿ ಮತ್ತು ಕಿಣ್ವಗಳ ಬಾಯಿ ಕಟ್ಟುವ ಪ್ರೋಟೀನು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಿಗೆ ಹೆಸರು ತಂದುಕೊಟ್ಟದ್ದು ತೆಂಗು ಮತ್ತು ಕೊಬ್ಬರಿಯೇ ಆದರೂ, ಬೋರನಕಣಿವೆ ಜಲಾಶಯದ ಆಸುಪಾಸಿನ ಬೆದ್ದಲು ಹೊಲಗಳಲ್ಲಿ ಬೆಳೆದು ಮನೆಮನೆಯ ಮುದ್ದೆ, ಸಾರುಗಳಾಗುವುದು ರಾಗಿ ಮತ್ತು ಹುರುಳಿ. ಈ ಎರಡು ಕಾಳುಗಳೂ ತಮ್ಮನ್ನು ತಿನ್ನಬಂದ ಜೀವಿಯ ಜೀರ್ಣರಸವನ್ನೇ ತಡೆದು ನಿಲ್ಲಿಸಬಲ್ಲ ಪುಟ್ಟ ಪ್ರೋಟೀನುಗಳನ್ನು ಒಳಗಿಟ್ಟುಕೊಂಡಿವೆ. ವಿಜ್ಞಾನಿಗಳು ಇವನ್ನು ಪ್ರೋಟಿಯೇಸ್ ಪ್ರತಿಬಂಧಕಗಳೆಂದು ಕರೆಯುತ್ತಾರೆ. ಎಚ್‌ಐವಿ, ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಗೆ ಇಂದು ಕೊಡುವ ಹಲವು ಮಾತ್ರೆಗಳು ಕೆಲಸ ಮಾಡುವುದೂ ಇದೇ ತತ್ತ್ವದ ಮೇಲೆ.

ಪ್ರೋಟೀನು ಎಂಬುದು ಅಮೈನೋ ಆಮ್ಲಗಳೆಂಬ ಸಣ್ಣ ಘಟಕಗಳು ಸಾಲಾಗಿ ಪೋಣಿಸಿಕೊಂಡಿರುವ ಉದ್ದನೆಯ ಸರಪಳಿ. ಆ ಸರಪಳಿಯನ್ನು ಕತ್ತರಿಸುವ ಕಿಣ್ವಗಳೇ ಪ್ರೋಟಿಯೇಸ್‌ಗಳು. ಊಟದ ಪ್ರೋಟೀನನ್ನು ಕರುಳಿನಲ್ಲಿ ತುಂಡರಿಸುವ ಟ್ರಿಪ್ಸಿನ್ ಇವುಗಳಲ್ಲಿ ಎಲ್ಲಕ್ಕಿಂತ ಪರಿಚಿತವಾದದ್ದು. ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ ಕೂಡ ಇದೇ ಕುಲದ್ದು. ಆದರೆ ದೇಹವೇ ಬಹುಮಟ್ಟಿಗೆ ಪ್ರೋಟೀನಿನಿಂದ ಕಟ್ಟಿದ್ದಾದುದರಿಂದ ಇಂಥ ಕಿಣ್ವಗಳಿಗೆ ಲಗಾಮಿಲ್ಲದೆ ಹೋದರೆ ಅವು ಮನೆಯವರನ್ನೇ ಕತ್ತರಿಸತೊಡಗುತ್ತವೆ. ಆದ್ದರಿಂದ ಮೇದೋಜೀರಕ ಗ್ರಂಥಿಯು ಟ್ರಿಪ್ಸಿನನ್ನು ಮೊದಲು ನಿಷ್ಕ್ರಿಯ ರೂಪದಲ್ಲಿ ತಯಾರಿಸಿ, ಅವಧಿಗೆ ಮುನ್ನ ಎಚ್ಚೆತ್ತ ಅಷ್ಟಿಷ್ಟನ್ನು ಹಿಡಿದು ನಿಲ್ಲಿಸಲು ಒಂದು ಪ್ರತಿಬಂಧಕವನ್ನೂ ಜೊತೆಗೇ ತಯಾರಿಸುತ್ತದೆ. ಶ್ವಾಸಕೋಶವನ್ನು ಕಾಯುವ ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಪ್ರತಿಬಂಧಕದ ಕೊರತೆಯಿರುವವರಲ್ಲಿ ಬಿಳಿ ರಕ್ತಕಣಗಳ ಎಲಾಸ್ಟೇಸ್ ಎಂಬ ಕಿಣ್ವವು ಶ್ವಾಸಕೋಶದ ಗೋಡೆಗಳನ್ನು ಸವೆಸಿಬಿಡುತ್ತದೆ. ಈ ಕೊರತೆಯನ್ನು 1963ರಲ್ಲಿ ಮೊದಲು ವರದಿ ಮಾಡಿದವರು ಸ್ವೀಡನ್ನಿನ ಲಾರೆಲ್ ಮತ್ತು ಎರಿಕ್ಸನ್.

ಇಂಥ ಪ್ರತಿಬಂಧಕ ಪ್ರೋಟೀನಿನ ಮೇಲ್ಮೈಯಲ್ಲಿ ಕಿಣ್ವಕ್ಕೆ ರುಚಿಸುವ ಅಮೈನೋ ಆಮ್ಲವನ್ನು ಹೊತ್ತ ಒಂದು ಕುಣಿಕೆ ಚಾಚಿಕೊಂಡಿರುತ್ತದೆ. ಕಿಣ್ವವು ಅದನ್ನು ಆಹಾರವೆಂದೇ ಕಚ್ಚುತ್ತದೆ. ಆದರೆ ಗಂಧಕದ ಸೇತುವೆಗಳು ಬಿಗಿದು ಕಟ್ಟಿರುವ ಆ ಕುಣಿಕೆ ತುಂಡಾಗಿ ಹೊರಬೀಳುವುದಿಲ್ಲವಾದ್ದರಿಂದ, ಅಡಕತ್ತರಿಯ ಬಾಯಿಗೆ ಸಿಕ್ಕಿಯೂ ಹೋಳಾಗದ ಗೋಟಡಿಕೆಯಂತೆ ಅದು ಅಲ್ಲಿಯೇ ಕೂತು, ಬೇರೊಂದನ್ನು ಕತ್ತರಿಸುವ ಅವಕಾಶವನ್ನೇ ಕಿಣ್ವಕ್ಕೆ ಉಳಿಸುವುದಿಲ್ಲ.

ರಾಗಿಯ ಪ್ರತಿಬಂಧಕದ ಸಂಗತಿ ಇನ್ನೂ ವಿಶೇಷವಾದದ್ದು, ಮತ್ತು ಅದನ್ನು ಬಯಲಿಗೆ ತಂದ ಕೆಲಸ ನಡೆದದ್ದು ಕರ್ನಾಟಕದಲ್ಲಿಯೇ ಎಂಬುದನ್ನು ಒತ್ತಿ ಹೇಳಬೇಕು. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಬಿ. ಶಿವರಾಜ್ ಮತ್ತು ಟಿ.ಎನ್. ಪಟ್ಟಾಭಿರಾಮನ್ ಅವರು ರಾಗಿಕಾಳಿನಿಂದ ಒಂದು ಪ್ರೋಟೀನನ್ನು ಶುದ್ಧವಾಗಿ ಬೇರ್ಪಡಿಸಿ, ಅದು ಪ್ರೋಟೀನು ಕತ್ತರಿಸುವ ಟ್ರಿಪ್ಸಿನನ್ನೂ ಪಿಷ್ಟವನ್ನು ಒಡೆಯುವ ಅಮೈಲೇಸನ್ನೂ ತಡೆಯುತ್ತದೆಂದು 1981ರಲ್ಲಿ ಪ್ರಕಟಿಸಿದರು. ಎರಡು ಬೇರೆಬೇರೆ ಪ್ರೋಟೀನುಗಳು ಬೆರೆತು ಹೀಗೆ ಕಾಣುತ್ತಿರಬಹುದೆಂಬ ಶಂಕೆಗೆ ಅವರ ಪ್ರಯೋಗದಲ್ಲಿಯೇ ಉತ್ತರವಿತ್ತು: ಟ್ರಿಪ್ಸಿನ್ ಅಂಟಿಸಿದ ಸಣ್ಣ ಮಣಿಗಳ ಮೇಲೆ ಅಮೈಲೇಸನ್ನು ಹರಿಸಿದಾಗ ಅದು ನಿಲ್ಲದೆ ಹರಿದುಹೋಯಿತು; ಅವೇ ಮಣಿಗಳಿಗೆ ಮೊದಲು ರಾಗಿಯ ಪ್ರೋಟೀನನ್ನು ಕೂಡಿಸಿ ಹರಿಸಿದಾಗ ಅಮೈಲೇಸ್ ಅಲ್ಲಿಯೇ ಸಿಕ್ಕಿಕೊಂಡಿತು. ಅಂದರೆ ಒಂದೇ ಪ್ರೋಟೀನು ಏಕಕಾಲಕ್ಕೆ ಎರಡು ಕಿಣ್ವಗಳನ್ನು ಎರಡು ಬೇರೆ ಜಾಗಗಳಲ್ಲಿ ಹಿಡಿದಿತ್ತು. ದುಬಾರಿ ಯಂತ್ರಗಳ ನೆರವಿಲ್ಲದೆ, ಸರಿಯಾದ ಪ್ರಶ್ನೆಯೊಂದರ ಬಲದಿಂದಲೇ ಇಷ್ಟು ಸ್ಪಷ್ಟವಾಗಿ ತೀರ್ಮಾನಕ್ಕೆ ಬಂದ ಈ ಪ್ರಯೋಗವು ಕನ್ನಡದ ಶಾಲಾ ಪಠ್ಯಗಳಲ್ಲಿ ಇರಬೇಕಾದದ್ದು.

ಈ ಪ್ರೋಟೀನಿನಲ್ಲಿ 122 ಅಮೈನೋ ಆಮ್ಲಗಳೂ ಐದು ಗಂಧಕದ ಸೇತುವೆಗಳೂ ಇರುವುದು ಮುಂದೆ ತಿಳಿಯಿತು. ಹಿಟ್ಟಿನ ಹುಳವೊಂದರ ಅಮೈಲೇಸನ್ನು ಇದು ಹೇಗೆ ಮುಚ್ಚುತ್ತದೆಂಬುದರ ಸ್ಫಟಿಕ ರಚನೆಯನ್ನು 1998ರಲ್ಲಿ ಜರ್ಮನಿಯ ವಿಜ್ಞಾನಿಗಳು ಬಿಡಿಸಿದರು. ಹಳೆಯ ಕಾಲದಲ್ಲಿ ನೆಲದೊಳಗಿನ ಹಗೇವಿನಲ್ಲಿ ತುಂಬಿದ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿದ್ದುದಕ್ಕೆ ಹುಳದ ಕಿಣ್ವವನ್ನು ತಡೆಯುವ ಈ ಗುಣವೊಂದೇ ಕಾರಣವೆನ್ನುವುದು ಸರಿಯಾಗದು, ಏಕೆಂದರೆ ಕಾಳಿನ ಸಣ್ಣ ಗಾತ್ರ, ಗಟ್ಟಿ ಹೊದಿಕೆ, ಗಾಳಿಯಾಡದ ಹಗೇವು ಇವೂ ಲೆಕ್ಕಕ್ಕೆ ಬರುತ್ತವೆ.

ಹುರುಳಿಯದು ಬೌಮನ್-ಬರ್ಕ್ ಎಂಬ ಇನ್ನೊಂದು ಕುಲದ ಪ್ರತಿಬಂಧಕ. ಅದರ ಒಂದು ತುದಿ ಟ್ರಿಪ್ಸಿನನ್ನೂ ಮತ್ತೊಂದು ತುದಿ ಕೈಮೋಟ್ರಿಪ್ಸಿನ್ ಎಂಬ ಕಿಣ್ವವನ್ನೂ ಹಿಡಿಯುತ್ತದೆ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐನಲ್ಲಿ ಲಲಿತಾ ಆರ್. ಗೌಡ ಮತ್ತು ಸಹೋದ್ಯೋಗಿಗಳು ಇದನ್ನು ಬಹುಕಾಲ ಅಭ್ಯಾಸ ಮಾಡಿ, ಒಣಕಾಳಿನಲ್ಲಿ ಜೋಡಿಜೋಡಿಯಾಗಿರುವ ಈ ಪ್ರೋಟೀನು ಕಾಳು ಮೊಳೆಯುವಾಗ ತುದಿ ಕತ್ತರಿಸಿಕೊಂಡು ಒಂಟಿಯಾಗುತ್ತದೆಂದು ತೋರಿಸಿದರು; ಜೋಡಿಯನ್ನು ಹಿಡಿದಿಡುವುದು 76ನೆಯ ಸ್ಥಾನದ ಒಂದೇ ಒಂದು ಅಮೈನೋ ಆಮ್ಲವೆಂಬುದು 2004ರಲ್ಲಿ ಪ್ರಕಟವಾಯಿತು. ಹಸಿ ದ್ವಿದಳ ಧಾನ್ಯ ಒಗ್ಗದೆ, ಬೇಯಿಸಿದ್ದು ಒಗ್ಗುವುದಕ್ಕೆ ಇಂಥ ಪ್ರೋಟೀನುಗಳೂ ಒಂದು ಕಾರಣ. ಬೇಯಿಸಿದ ಸೋಯಾ ತಿಂದ ಇಲಿಗಳು ಹಸಿ ಸೋಯಾ ತಿಂದವುಗಳಿಗಿಂತ ಚೆನ್ನಾಗಿ ಬೆಳೆಯುತ್ತವೆಂದು ಅಮೆರಿಕದ ಆಸ್‌ಬಾರ್ನ್ ಮತ್ತು ಮೆಂಡೆಲ್ 1917ರಲ್ಲಿಯೇ ಕಂಡಿದ್ದರು. ಹುರುಳಿಯನ್ನು ನೆನೆಸಿ, ಮೊಳಕೆ ಕಟ್ಟಿ, ಚೆನ್ನಾಗಿ ಬೇಯಿಸಿ ಬಸಿಯುವ ಅಡುಗೆಮನೆಯ ಕ್ರಮಕ್ಕೆ ಇಷ್ಟು ಗಟ್ಟಿಯಾದ ಆಧಾರವಿದೆ.

ಔಷಧಿಗಳಲ್ಲಿ ಈ ತತ್ತ್ವ ದೊಡ್ಡ ಸುದ್ದಿಯಾದದ್ದು ಎಚ್‌ಐವಿಯಿಂದ. ಈ ವೈರಾಣು ತನ್ನ ಹಲವು ಪ್ರೋಟೀನುಗಳನ್ನು ಒಂದೇ ಉದ್ದದ ಸರಪಳಿಯಾಗಿ ತಯಾರಿಸಿ, ನಂತರ ತನ್ನದೇ ಪ್ರೋಟಿಯೇಸಿನಿಂದ ತುಂಡರಿಸಿಕೊಳ್ಳುತ್ತದೆ. ಆ ಕಿಣ್ವವನ್ನು ತಡೆದರೆ ಹುಟ್ಟುವ ವೈರಾಣು ಬಲಿಯದೆ, ಸೋಂಕು ಹರಡಲಾರದೆ ಉಳಿಯುತ್ತದೆ. 1989ರಲ್ಲಿ ಕಿಣ್ವದ ರಚನೆ ತಿಳಿದು, 1995ರ ಡಿಸೆಂಬರಿನಲ್ಲಿ ಸಕ್ವಿನಾವಿರ್ ಎಂಬ ಮೊದಲ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ದೊರೆತ ಮೇಲೆ, ಹಲವು ಔಷಧಿಗಳನ್ನು ಕೂಡಿಸಿ ಕೊಡುವ ಚಿಕಿತ್ಸೆ ಬಂದು, ಸಾವೇ ಗತಿ ಎನಿಸಿದ್ದ ಕಾಯಿಲೆ ಔಷಧಿಯೊಂದಿಗೆ ಬಾಳಬಹುದಾದ ಕಾಯಿಲೆಯಾಯಿತು.

ರಕ್ತದೊತ್ತಡಕ್ಕೆ ಕೊಡುವ ಎನಲಾಪ್ರಿಲ್, ರಾಮಿಪ್ರಿಲ್, ಸಕ್ಕರೆ ಕಾಯಿಲೆಗೆ ಕೊಡುವ ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್ ಮಾತ್ರೆಗಳನ್ನು ದಿನವೂ ನುಂಗುವವರು ತಾವು ಸೇವಿಸುತ್ತಿರುವುದು ಪ್ರೋಟಿಯೇಸ್ ಪ್ರತಿಬಂಧಕಗಳನ್ನೇ ಎಂಬುದನ್ನು ಬಹುಶಃ ಕೇಳಿರುವುದಿಲ್ಲ. ಮೊದಲಿನವು ರಕ್ತನಾಳವನ್ನು ಬಿಗಿಗೊಳಿಸುವ ಹಾರ್ಮೋನನ್ನು ಸಿದ್ಧಗೊಳಿಸುವ ಕಿಣ್ವವನ್ನು ತಡೆಯುತ್ತವೆ. ಇದರ ಮೂಲ ಸುಳಿವು ಸಿಕ್ಕಿದ್ದು ಬ್ರೆಜಿಲ್ ದೇಶದ ಮಂಡಲ ಜಾತಿಯ ಹಾವೊಂದರ ವಿಷದಲ್ಲಿ. ಎರಡನೆಯವು ಇನ್ಸುಲಿನ್ ಸ್ರವಿಸಲು ಪ್ರೇರೇಪಿಸುವ ಕರುಳಿನ ಹಾರ್ಮೋನು ಬೇಗನೆ ತುಂಡಾಗಿಹೋಗದಂತೆ ಕಾಯುತ್ತವೆ.

ಹಾಗೆಂದು ಮುದ್ದೆ ಮತ್ತು ಹುರುಳಿ ಸಾರು ಈ ಮಾತ್ರೆಗಳ ಕೆಲಸ ಮಾಡುತ್ತವೆಂದು ನಂಬಿ ಯಾರೂ ಔಷಧಿಯನ್ನು ಬಿಡಬಾರದು. ರಾಗಿಯ ಪ್ರತಿಬಂಧಕವು ಜಠರದ ಪೆಪ್ಸಿನ್ನಿನಲ್ಲಿ ನಿಧಾನವಾಗಿ ಶಕ್ತಿ ಕಳೆದುಕೊಳ್ಳುತ್ತದೆಂದು ಮಣಿಪಾಲದ ಅಧ್ಯಯನವೇ ತೋರಿಸಿತ್ತು. ಅದು ಹಿಡಿಯುವ ಕಿಣ್ವಗಳೂ ಬೇರೆ. ಮಾತ್ರೆಯಲ್ಲಿರುವುದು ಪ್ರೋಟೀನಲ್ಲ, ಜಠರವನ್ನು ದಾಟಿ ರಕ್ತ ಸೇರಿ ನಿರ್ದಿಷ್ಟ ಕಿಣ್ವವೊಂದರ ಬಾಯಿಗೆ ಮಾತ್ರ ಹೊಂದುವಂತೆ ರೂಪಿಸಿದ ಅತಿ ಚಿಕ್ಕ ಅಣು.