ಜೀರುಂಡೆಯ ಕಂದರ

ಆಸ್ಟ್ರೇಲಿಯದ ಉತ್ತರ ಪ್ರಾಂತ್ಯದಲ್ಲಿ, ಡಾರ್ವಿನ್ ನಗರದಿಂದ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರು ದಕ್ಷಿಣಕ್ಕೆ ಸಾಗಿದರೆ ಕ್ಯಾಥರಿನ್ ಎಂಬ ಊರು ಸಿಗುತ್ತದೆ. ಅಲ್ಲಿಂದ ಸುಮಾರು 30 ಕಿಲೋಮೀಟರು ಆಚೆಗೆ, ನದಿಯೊಂದು ಮರಳುಗಲ್ಲಿನ ಪ್ರಸ್ಥಭೂಮಿಯನ್ನು ಯುಗಯುಗಗಳಿಂದ ಕೊರೆದು ಹದಿಮೂರು ಕಂದರಗಳ ಸಾಲನ್ನು ನಿರ್ಮಿಸಿದೆ. ಇದೇ ನಿಟ್ಮಿಲುಕ್ ರಾಷ್ಟ್ರೀಯ ಉದ್ಯಾನ.

1862ರಲ್ಲಿ ಇಲ್ಲಿಗೆ ಬಂದ ಅನ್ವೇಷಕ ಜಾನ್ ಮೆಕ್‌ಡೂವಲ್ ಸ್ಟುವರ್ಟ್ ತನ್ನ ಪೋಷಕನ ಮನೆತನದ ಹೆಣ್ಣುಮಗಳೊಬ್ಬಳ ಹೆಸರನ್ನು ನದಿಗೆ ಇಟ್ಟನು. ಆದರೆ ಅದೇನೂ ಹೆಸರಿಲ್ಲದ ನಾಡಾಗಿರಲಿಲ್ಲ. ಅಲ್ಲಿನ ಮೂಲನಿವಾಸಿಗಳಾದ ಜಾವೊಯ್ನ್ ಜನರ ಪುರಾಣದಂತೆ, ಸೃಷ್ಟಿಕಾಲದಲ್ಲಿ ನಬಿಲಿಲ್ ಎಂಬ ಮಹಾಜೀವಿ ಕಂದರದ ಬಾಯಲ್ಲಿ ಬೀಡುಬಿಟ್ಟು ಜೀರುಂಡೆಯ ‘ನಿಟ್ ನಿಟ್’ ಎಂಬ ದನಿಯನ್ನು ಕೇಳಿ, ಆ ತಾಣವನ್ನು ನಿಟ್ಮಿಲುಕ್ ಎಂದು ಕರೆದನಂತೆ.

ಮಳೆಗಾಲದಲ್ಲಿ ನದಿ ಭೋರ್ಗರೆದು ಹರಿಯುತ್ತದೆ. ಉಪ್ಪುನೀರಿನ ಮೊಸಳೆಗಳೂ ಆಗ ಒಳನುಗ್ಗುವುದುಂಟು. ಮೇ ತಿಂಗಳ ಹೊತ್ತಿಗೆ ನೀರಿಳಿದು, ಕಂದರಗಳ ನಡುವೆ ಬಂಡೆಗಳು ತಲೆಯೆತ್ತುತ್ತವೆ. ಪ್ರವಾಸಿಯು ಒಂದು ದೋಣಿಯಿಂದಿಳಿದು, ಬಂಡೆಗಳ ಮೇಲೆ ನಡೆದು, ಇನ್ನೊಂದು ದೋಣಿಯನ್ನೇರಬೇಕು. ಹಾಗೆ ನಡೆಯುವಾಗ ಕೆಂಪು ಗೋಡೆಗಳ ಮೇಲೆ ಪ್ರಾಚೀನ ಚಿತ್ರಗಳು ಕಾಣಸಿಗುತ್ತವೆ. ಕೆಲವು ಮರಳದಂಡೆಗಳ ಮೇಲೆ ಕಾಲಿಡುವುದು ನಿಷಿದ್ಧ. ಸಿಹಿನೀರಿನ ಮೊಸಳೆಗಳು ಅಲ್ಲಿ ಮೊಟ್ಟೆಯಿಡುತ್ತವೆ.

ಎರಡನೆಯ ಕಂದರದ ಹಸಿರು ಮಡುವಿನಲ್ಲಿ ಬೋಲುಂಗ್ ಎಂಬ ಇಂದ್ರಧನುಸ್ಸಿನ ಸರ್ಪ ನೆಲೆಸಿದೆಯೆಂದು ಜಾವೊಯ್ನರ ನಂಬಿಕೆ. ಸೃಷ್ಟಿಗೂ ಪ್ರಳಯಕ್ಕೂ ಅದೇ ಒಡೆಯ. ಆ ಮಡುವಿನಲ್ಲಿ ಅವರು ಮೀನು ಹಿಡಿಯುವುದಿಲ್ಲ; ಅದರ ನೀರನ್ನೂ ಕುಡಿಯುವುದಿಲ್ಲ. ಸಮೀಪದಲ್ಲಿ ಹಿಡಿದರೂ ಸ್ವಲ್ಪವನ್ನೇ ಇಟ್ಟುಕೊಂಡು ಉಳಿದುದನ್ನು ನೀರಿಗೇ ಮರಳಿಸುತ್ತಾರೆ. ನಮ್ಮ ದೇವರಕಾಡುಗಳನ್ನೂ ದೇವರ ಮೀನುಗಳ ಮಡುಗಳನ್ನೂ ಬಲ್ಲವರಿಗೆ ಈ ನಿಷ್ಠೆಯನ್ನು ವಿವರಿಸಬೇಕಾಗಿಲ್ಲ.

ಇಂಥ ನೆಲವನ್ನು ತಮ್ಮದೆಂದು ನ್ಯಾಯದ ಮುಂದೆ ಸಾಧಿಸಲು ಅವರಿಗೆ ಹನ್ನೊಂದು ವರ್ಷ ಹಿಡಿಯಿತು. 1976ರ ಭೂಹಕ್ಕು ಕಾಯಿದೆಯನ್ವಯ 1978ರಲ್ಲಿ ಅವರು ಬೇಡಿಕೆ ಸಲ್ಲಿಸಿದಾಗ ಊರಿನ ಬಿಳಿಯರಲ್ಲಿ ಅನೇಕರು ಉಗ್ರವಾಗಿ ವಿರೋಧಿಸಿದರು. ಕಂದರದ ಬಾಗಿಲು ತಮಗೆ ಮುಚ್ಚಿಹೋಗುವುದೆಂಬುದೇ ಅವರ ಭಯ. 1989ರ ಸೆಪ್ಟೆಂಬರ್ 10ರಂದು ಭೂಮಿ ಮರಳಿ ಜಾವೊಯ್ನರ ಕೈಸೇರಿತು. ಅವರು ಮಾಡಿದ್ದೇನು? ಅದನ್ನು 99 ವರ್ಷಗಳ ಗುತ್ತಿಗೆಗೆ ಉದ್ಯಾನಕ್ಕಾಗಿಯೇ ಬಿಟ್ಟುಕೊಟ್ಟರು! ಆಡಳಿತ ಮಂಡಳಿಯಲ್ಲಿ ಬಹುಮತ ಅವರದು. ಪ್ರವಾಸಿಗಳನ್ನೊಯ್ಯುವ ದೋಣಿಗಳ ವ್ಯವಹಾರವೂ ಇಂದು ಅವರದೇ.

ಆ ಹೋರಾಟದ ಮುಂದಾಳುಗಳಲ್ಲೊಬ್ಬನಾದ ಪೀಟರ್ ಜಟ್ಬುಲನ ಹೆಸರನ್ನು 62 ಕಿಲೋಮೀಟರಿನ ಕಾಲುದಾರಿಯೊಂದು ಹೊತ್ತಿದೆ. ಕಂದರದಿಂದ ಹೊರಟು, ಜಲಪಾತಗಳನ್ನು ದಾಟಿ, ಲೆಲಿಯಿನ್ ಎಂಬಲ್ಲಿಗೆ ಅದು ಮುಟ್ಟುತ್ತದೆ. ಉದ್ಯಾನದ ಹೆಸರೂ ಬದಲಾಯಿತು. ನದಿ ಮತ್ತು ಊರು ಇಂದಿಗೂ ಕ್ಯಾಥರಿನ್. ಕಂದರದ ನಾಡು ಮಾತ್ರ, ಭೂಪಟದಲ್ಲೂ, ಮತ್ತೆ ಜೀರುಂಡೆಯದಾಗಿದೆ.