ಮಂಗಳದ ನೆಲದಲ್ಲಿ ಎತ್ತಿ ನಿಲ್ಲಿಸುವವರು ಯಾರು?

1995ನೆಯ ಇಸವಿಯ ಮಾರ್ಚ್ 22ರಂದು ಕಜಾಕಸ್ತಾನದ ಬಯಲಿನಲ್ಲಿ ಇಳಿದ ಸೊಯುಜ್ ನೌಕೆಯಿಂದ ರಷ್ಯದ ವೈದ್ಯ ವಲೇರಿ ಪೊಲ್ಯಾಕೊವ್ ಹೊರಬಂದರು. ‘ಮೀರ್’ ನಿಲ್ದಾಣದ ಆ ಯಾತ್ರೆಯಲ್ಲಿ ಅವರು ಅಂತರಿಕ್ಷದಲ್ಲಿ ಕಳೆದುದು ಒಂದೇ ಸಮನೆ 437 ದಿನಗಳು. ದೀರ್ಘಯಾತ್ರೆಯಿಂದ ಮರಳಿದವರನ್ನು ಎತ್ತಿಕೊಂಡು ಹೋಗಿ ಆಸನದಲ್ಲಿ ಕುಳ್ಳಿರಿಸುವುದು ರೂಢಿ. ಪೊಲ್ಯಾಕೊವರು ಮಾತ್ರ ನೌಕೆಯಿಂದ ಆಸನದವರೆಗಿನ ಕೆಲವು ಹೆಜ್ಜೆಗಳನ್ನು ನಡೆದೇ ಹೋದರು. ಇದು ಬರಿಯ ಹಟವಲ್ಲ. ಮಂಗಳಗ್ರಹವನ್ನು ಮುಟ್ಟಿದ ಮನುಷ್ಯನು ಅಲ್ಲಿ ಎದ್ದು ನಿಲ್ಲಬಲ್ಲನೆ ಎಂಬ ಪ್ರಶ್ನೆಗೆ ಆ ವೈದ್ಯರು ಕೊಟ್ಟ ಉತ್ತರವದು.

ಈಗಿನ ರಾಕೆಟ್ಟುಗಳಿಂದ ಮಂಗಳವನ್ನು ಸೇರಲು ಆರರಿಂದ ಒಂಬತ್ತು ತಿಂಗಳು ಬೇಕು. ಮರಳುವುದಕ್ಕೆ ಎರಡು ಗ್ರಹಗಳೂ ಅನುಕೂಲವಾದ ಸ್ಥಾನಕ್ಕೆ ಬರುವವರೆಗೆ ಕಾಯಬೇಕಾದುದರಿಂದ ಇಡೀ ಪ್ರಯಾಣ ಎರಡೂವರೆ ಮೂರು ವರ್ಷಗಳದಾಗುವುದು. ಇಳಿದ ಯಾತ್ರಿಕನನ್ನು ಅಲ್ಲಿ ಕೈಹಿಡಿದು ಎಬ್ಬಿಸುವವರಾರೂ ಇರುವುದಿಲ್ಲ.

ಈ ಭಯ ನಿರಾಧಾರವಾದುದಲ್ಲ. 1970ರಲ್ಲಿ ಸೊಯುಜ್-9ರಲ್ಲಿ ಹದಿನೆಂಟು ದಿನಗಳಷ್ಟು ಕಾಲವಿದ್ದು ಮರಳಿದ ನಿಕೊಲಾಯೆವ್ ಮತ್ತು ಸೆವಾಸ್ತ್ಯಾನೊವ್ ನಿಲ್ಲುವುದಕ್ಕೂ ನಡೆಯುವುದಕ್ಕೂ ಕಷ್ಟಪಟ್ಟರು. ಕಾರಣ ನಮ್ಮ ಶರೀರದ ಮಿತವ್ಯಯದಲ್ಲಿದೆ. ಮೂಳೆಯು ಮನೆಯ ಕಂಬದಂತೆ ಒಮ್ಮೆ ನೆಟ್ಟರೆ ಮುಗಿಯಿತು ಎನ್ನುವಂಥದಲ್ಲ. ಅದು ದಿನವೂ ಸ್ವಲ್ಪ ಸವೆದು, ಸ್ವಲ್ಪ ಹೊಸದಾಗಿ ಕಟ್ಟಿಕೊಳ್ಳುತ್ತಿರುತ್ತದೆ. ಹೊರುವ ಭಾರವೇ ಇಲ್ಲವಾದಾಗ ಕಟ್ಟುವ ಕೆಲಸವು ಸವೆತಕ್ಕೆ ಸರಿದೂಗದು. ತಕ್ಕ ವ್ಯಾಯಾಮವಿಲ್ಲದಿದ್ದರೆ ಸೊಂಟದ ಮೂಳೆಯ ಸಾಂದ್ರತೆ ತಿಂಗಳಿಗೆ ಶೇಕಡ 1ರಿಂದ 1.5ರಷ್ಟು ಕುಗ್ಗುತ್ತದೆ. ಕರಗಿದ ಕ್ಯಾಲ್ಸಿಯಂ ಮೂತ್ರವನ್ನು ಸೇರುವುದರಿಂದ ಕಲ್ಲು ಕಟ್ಟುವ ಭಯ ಬೇರೆ! ಕಾಲಿನ ಸ್ನಾಯುಗಳು ಸೊರಗುತ್ತವೆ. ರಕ್ತವೂ ಇತರ ದ್ರವಗಳೂ ತಲೆಯ ಕಡೆಗೆ ಸರಿದು ಮುಖ ಊದಿಕೊಳ್ಳುತ್ತದೆ. ಕೆಲವರ ದೃಷ್ಟಿಯೂ ಕೆಟ್ಟಿರುವುದುಂಟು.

ಪೊಲ್ಯಾಕೊವರನ್ನು ಕಾಪಾಡಿದುದು ಮುಖ್ಯವಾಗಿ ನಿತ್ಯದ ವ್ಯಾಯಾಮ. ಅಂತರರಾಷ್ಟ್ರೀಯ ನಿಲ್ದಾಣದ ಯಾತ್ರಿಗಳೂ ದಿನಕ್ಕೆ ಸುಮಾರು ಎರಡು ಗಂಟೆಗಳನ್ನು ಇದಕ್ಕೆಂದೇ ಮೀಸಲಿಟ್ಟಿರುವರು. ಮಂಗಳವನ್ನು ಸೇರಿದ ಮೇಲೆ ಅಲ್ಲಿನ ಗುರುತ್ವವೇ ಶರೀರವನ್ನು ತಿದ್ದೀತೆಂದು ಕೆಲವರು ಸಮಾಧಾನ ಹೇಳುವುದುಂಟು. ಆದರೆ ಅದು ಭೂಮಿಯದರ ಶೇಕಡ 38 ಮಾತ್ರ. ಇಲ್ಲಿ 60 ಕಿಲೋಗ್ರಾಂ ತೂಗುವವರಿಗೆ ಅಲ್ಲಿ 23ರಷ್ಟು ಭಾರ. ಅಷ್ಟು ಸಾಕೆ? ಪರೀಕ್ಷಿಸಿ ನೋಡಿದವರಿಲ್ಲ. ಅಲ್ಪ ಗುರುತ್ವದ ನೆಲದಲ್ಲಿ ಅತಿ ಹೆಚ್ಚು ಕಾಲ ನಿಂತವರು 1972ರ ಅಪೊಲೊ-17ರ ಇಬ್ಬರು. ಚಂದ್ರನ ಮೇಲೆ ಅವರಿದ್ದುದು ಮೂರೇ ದಿನ.

ವಿಕಿರಣದ್ದು ಇನ್ನೊಂದು ಕಾಟ. 2011-12ರಲ್ಲಿ ಮಂಗಳಕ್ಕೆ ಸಾಗಿದ ‘ಕ್ಯೂರಿಯಾಸಿಟಿ’ಯ ಉಪಕರಣವು ದಾರಿಯುದ್ದಕ್ಕೂ ಅಳೆದುದು ದಿನಕ್ಕೆ ಸುಮಾರು 1.8 ಮಿಲಿಸೀವರ್ಟ್. ಭೂಮಿಯ ಮೇಲೆ ನಮಗೆ ಪ್ರಕೃತಿಯಿಂದ ಒಂದು ವರ್ಷದಲ್ಲಿ ತಗಲುವಷ್ಟು ವಿಕಿರಣ ಅಲ್ಲಿ ಒಂದೂವರೆ ದಿನದೊಳಗೆ ತಗಲುವುದು. ಇದಕ್ಕೆ ವ್ಯಾಯಾಮದ ಔಷಧವಿಲ್ಲ. ದಪ್ಪನೆಯ ಕವಚ ಬೇಕು, ಇಲ್ಲವೆ ಹೆಚ್ಚಿನ ವೇಗ ಬೇಕು.

ಭಾರದ ಸಮಸ್ಯೆಗಾದರೋ ಹಳೆಯದೊಂದು ಉಪಾಯವಿದೆ. ನೀರು ತುಂಬಿದ ತಂಬಿಗೆಗೆ ಹಗ್ಗ ಕಟ್ಟಿ ಬೀಸಿ ತಿರುಗಿಸಿದರೆ ನೀರು ಚೆಲ್ಲದಷ್ಟೆ! ನೌಕೆಯನ್ನೂ ಹಾಗೆಯೇ ತಿರುಗಿಸಿದರೆ ಒಳಗಿನವರಿಗೆ ತೂಕ ಬಂದಂತಾಗುವುದು. ತೊಡಕಿರುವುದು ಗಾತ್ರದಲ್ಲಿ. ಬೇಗಬೇಗನೆ ತಿರುಗಿದರೆ ತಲೆ ಸುತ್ತುವುದು. ನಿಮಿಷಕ್ಕೆ ಎರಡೇ ಸುತ್ತು ಹಾಕುತ್ತ ಭೂಮಿಯಷ್ಟು ಭಾರವನ್ನು ಪಡೆಯಬೇಕಾದರೆ ಸುಮಾರು 224 ಮೀಟರುಗಳ ತ್ರಿಜ್ಯ ಬೇಕು. ಅಷ್ಟು ದೊಡ್ಡ ಚಕ್ರದ ಬದಲು ಎರಡು ನೌಕೆಗಳನ್ನು ಉದ್ದನೆಯ ಹಗ್ಗದಿಂದ ಬಂಧಿಸಿ ತಿರುಗಿಸಬಹುದು. 1966ರಲ್ಲಿ ಜೆಮಿನಿ-11ರವರು ಸುಮಾರು 30 ಮೀಟರ್ ಹಗ್ಗದಿಂದ ಇದನ್ನು ಮಾಡಿಯೂ ನೋಡಿದರು. ದೊರೆತ ಭಾರ ಅತ್ಯಲ್ಪ, ಆದರೆ ತತ್ತ್ವ ನಿಜವಾಯಿತು.

ಮಂಗಳಯಾತ್ರೆಗೆ ತಿಥಿ ಗೊತ್ತುಮಾಡುವ ಮೊದಲು ಈ ಹಗ್ಗವನ್ನು ಮತ್ತೆ ಕೈಗೆತ್ತಿಕೊಳ್ಳುವುದು ಲೇಸೆಂದು ಈ ಲೇಖಕನ ಅಭಿಪ್ರಾಯ. ಪ್ರಯೋಗವನ್ನು ಭೂಮಿಯ ಸುತ್ತಲಿನ ಕಕ್ಷೆಯಲ್ಲೇ ನಡೆಸಬಹುದು. ಅಲ್ಲಿ ಯಾರಿಗಾದರೂ ಆಪತ್ತು ಒದಗಿದರೆ, ಕೆಲವು ಗಂಟೆಗಳಲ್ಲಿ ಅವರನ್ನು ನೆಲಕ್ಕೆ ಇಳಿಸಿಕೊಳ್ಳಬಹುದು.