ಬಹುರಾಷ್ಟ್ರೀಯ ಸಂಸ್ಥೆಯ ನೀತಿಸಂಹಿತೆ: ರಚನೆಯ ಕೆಲವು ತೊಡಕುಗಳು

ಒಂದೇ ಊರಿನಲ್ಲಿ ವ್ಯವಹರಿಸುವ ವರ್ತಕನಿಗೆ ಲಿಖಿತವಾದ ನೀತಿಸಂಹಿತೆಯ ಅಗತ್ಯ ಅಷ್ಟಾಗಿ ತೋರದು. ಊರಿನ ನಡವಳಿಕೆ, ನೆರೆಹೊರೆಯವರ ಕಣ್ಣು, ದೇಶದ ಕಾನೂನು, ಈ ಮೂರೂ ಸೇರಿ ಅವನನ್ನು ಹದ್ದಿನಲ್ಲಿಡುತ್ತವೆ. ಹತ್ತಾರು ದೇಶಗಳಲ್ಲಿ ಕಾರ್ಖಾನೆ, ಕಚೇರಿಗಳನ್ನು ತೆರೆದ ಸಂಸ್ಥೆಯ ಸ್ಥಿತಿ ಬೇರೆ. ಒಂದೆಡೆ ಶಿಷ್ಟಾಚಾರವೆನಿಸಿದ ಉಡುಗೊರೆ ಇನ್ನೊಂದೆಡೆ ಲಂಚವೆನಿಸುತ್ತದೆ. ಆದುದರಿಂದಲೇ ಇಂಥ ಸಂಸ್ಥೆಗಳು ತಮ್ಮ ನೀತಿಯನ್ನು ತಾವೇ ಬರೆದಿಡಬೇಕಾಯಿತು.

ಇದು ಕೇವಲ ಧರ್ಮಬುದ್ಧಿಯಿಂದ ಆದುದಲ್ಲ. 1970ರ ದಶಕದಲ್ಲಿ ಅಮೆರಿಕದ 400ಕ್ಕೂ ಮಿಕ್ಕ ಕಂಪನಿಗಳು, ಒಟ್ಟು 30 ಕೋಟಿ ಡಾಲರಿಗೂ ಹೆಚ್ಚಿನ ಹಣವನ್ನು ವಿದೇಶೀ ಅಧಿಕಾರಿಗಳಿಗೂ ರಾಜಕಾರಣಿಗಳಿಗೂ ಸಂಶಯಾಸ್ಪದವಾಗಿ ಸಲ್ಲಿಸಿದುದನ್ನು ಒಪ್ಪಿಕೊಂಡುವು. ಫಲವಾಗಿ 1977ರಲ್ಲಿ ವಿದೇಶೀ ಲಂಚವನ್ನು ನಿಷೇಧಿಸುವ ಕಾನೂನು ಬಂದಿತು. ಬಳಿಕ ಸಂಹಿತೆಗಳು ನಾಯಿಕೊಡೆಗಳಂತೆ ಎದ್ದುವು.

ಪ್ರಧಾನ ಕಚೇರಿಯಲ್ಲಿ ಕುಳಿತು ಬರೆದ ಒಂದೇ ಪುಸ್ತಿಕೆ ಎಲ್ಲ ದೇಶಗಳಿಗೂ ಒಪ್ಪೀತೆ? ವಾಲ್‌ಮಾರ್ಟ್ ಸಂಸ್ಥೆಯ ಜರ್ಮನಿಯ ಅನುಭವ ಇಲ್ಲಿ ಗಮನಾರ್ಹ. ಅಮೆರಿಕದ ಈ ಸಂಸ್ಥೆ 2005ರಲ್ಲಿ ತನ್ನ ಸಂಹಿತೆಯನ್ನು ಜರ್ಮನಿಯ ಅಂಗಡಿಗಳಲ್ಲಿಯೂ ಜಾರಿಗೆ ತಂದಿತು. ಮೇಲಧಿಕಾರಿ ಹಾಗೂ ಆತನ ಪ್ರಭಾವಕ್ಕೊಳಪಟ್ಟ ನೌಕರರ ನಡುವೆ ಪ್ರಣಯ ಸಂಬಂಧ ಸಲ್ಲದೆಂಬುದು ಅದರ ಒಂದು ವಿಧಿ. ಸಹೋದ್ಯೋಗಿಗಳ ತಪ್ಪುಗಳನ್ನು ದೂರವಾಣಿಯ ಮೂಲಕ ತಿಳಿಸಬೇಕೆಂಬುದು ಇನ್ನೊಂದು. ಅಮೆರಿಕದಲ್ಲಿ ಇವೆರಡೂ ಸಾಮಾನ್ಯ. ಜರ್ಮನಿಯಲ್ಲಾದರೋ ನೌಕರರು ಚುನಾಯಿಸಿದ ಮಂಡಲಿಗೆ ಕೆಲಸದ ಸ್ಥಳದ ನಡವಳಿಕೆಯ ನಿಯಮಗಳಲ್ಲಿ ಕಾನೂನುಬದ್ಧವಾದ ಪಾಲುಂಟು. ಅದರ ಒಪ್ಪಿಗೆಯನ್ನು ಪಡೆದಿರಲಿಲ್ಲವೆಂದು ವುಪ್ಪರ್ಟಾಲ್ ನಗರದ ಕಾರ್ಮಿಕ ನ್ಯಾಯಾಲಯ ಹಲವು ವಿಧಿಗಳನ್ನು ತಡೆಯಿತು. ಅದೇ ವರ್ಷದ ನವೆಂಬರಿನಲ್ಲಿ ಡ್ಯುಸೆಲ್‌ಡಾರ್ಫಿನ ಮೇಲ್ಮನವಿ ನ್ಯಾಯಾಲಯ, ಪ್ರಣಯದ ವಿಧಿ ಸಂವಿಧಾನವು ರಕ್ಷಿಸುವ ವ್ಯಕ್ತಿತ್ವದ ಹಕ್ಕಿಗೇ ವಿರುದ್ಧವೆಂದು ತೀರ್ಮಾನಿಸಿತು. ಫ್ರಾನ್ಸಿನ ದತ್ತಾಂಶ ರಕ್ಷಣಾ ಮಂಡಲಿಯೂ 2005ರಲ್ಲಿ ಎರಡು ಕಂಪನಿಗಳ ಅನಾಮಧೇಯ ದೂರಿನ ಏರ್ಪಾಡುಗಳಿಗೆ ಅನುಮತಿ ನಿರಾಕರಿಸಿತು. ಒಬ್ಬರಿಗೆ ಪ್ರಾಮಾಣಿಕತೆಯ ಸಾಧನವಾದುದು ಮತ್ತೊಬ್ಬರಿಗೆ ಚಾಡಿಯಾಗಿ ಕಂಡಿತು. ನೌಕರರನ್ನು ಮೊದಲೇ ಕೂಡಿಸಿಕೊಂಡು ಮಾತನಾಡಿದ್ದರೆ ಈ ವ್ಯಾಜ್ಯದ ಬಹುಭಾಗ ತಪ್ಪುತ್ತಿತ್ತು.

ಹಾಗೆಂದು ಎಲ್ಲವನ್ನೂ ದೇಶಾಚಾರಕ್ಕೆ ಬಿಟ್ಟುಕೊಡುವಂತಿಲ್ಲ. ನಮ್ಮ ಜನ ‘ಮಾಮೂಲು’ ಎಂದು ಕರೆಯುವ ಸಣ್ಣ ಹಣದ ಪ್ರಶ್ನೆಯನ್ನೇ ನೋಡಬಹುದು. ನ್ಯಾಯವಾಗಿ ನಡೆಯಬೇಕಾದ ಕೆಲಸವನ್ನು ಚುರುಕುಗೊಳಿಸಲು ಕೊಡುವ ಇಂಥ ಹಣಕ್ಕೆ ಅಮೆರಿಕದ ಕಾನೂನು ವಿನಾಯಿತಿ ಕೊಟ್ಟಿತು. ಬ್ರಿಟನ್ನಿನ 2010ರ ಕಾನೂನು ಕೊಡಲಿಲ್ಲ. ಭಾರತದಲ್ಲಿಯೂ 2018ರ ತಿದ್ದುಪಡಿಯಿಂದ ಲಂಚ ಕೊಡುವವನೂ, ಅವನ ಹಿಂದಿರುವ ವಾಣಿಜ್ಯ ಸಂಸ್ಥೆಯೂ ಶಿಕ್ಷಾರ್ಹವಾದುವು. ಮೂರೂ ದೇಶಗಳಲ್ಲಿ ವ್ಯವಹರಿಸುವವನು ಅತ್ಯಂತ ಕಠಿನವಾದ ನಿಯಮವನ್ನೇ ಆರಿಸಿಕೊಳ್ಳುವುದು ವಿವೇಕ.

ಇನ್ನು ಭಾಷೆಯ ವಿಚಾರ. ‘ಹಿತಾಸಕ್ತಿಗಳ ಘರ್ಷಣೆ’ ಎಂದು ಇಂಗ್ಲಿಷಿನಿಂದ ಅನುವಾದಿಸಿಟ್ಟರೆ ಯಂತ್ರದ ಮುಂದೆ ನಿಂತ ಕೆಲಸಗಾರನು ಯಾರೋ ಜಗಳವಾಡಿದರೆಂದು ತಿಳಿದಾನು. ‘ಕಂಪನಿಯ ಸಾಮಾನನ್ನು ನಿಮ್ಮ ಭಾವಮೈದುನನ ಅಂಗಡಿಯಿಂದ ಕೊಳ್ಳುವಿರಾ?’ ಎಂದು ಕೇಳಿದರೆ ತಕ್ಷಣ ಅರ್ಥವಾಗುತ್ತದೆ.

ಸಂಹಿತೆ ದೀರ್ಘವಾಗಿರಬೇಕೆಂದೂ ಇಲ್ಲ. ಜಾನ್ಸನ್ ಅಂಡ್ ಜಾನ್ಸನ್ ಸಂಸ್ಥೆಗೆ ರಾಬರ್ಟ್ ವುಡ್ ಜಾನ್ಸನ್ 1943ರಲ್ಲಿ ಬರೆದುದು ಒಂದೇ ಪುಟ. ವೈದ್ಯರು, ತಾಯಂದಿರು ಅದರಲ್ಲಿ ಮೊದಲು, ಷೇರುದಾರರು ಕಡೆಗೆ. 1970ರ ದಶಕದಲ್ಲಿ ಜೇಮ್ಸ್ ಬರ್ಕ್ ಅಧಿಕಾರಿಗಳನ್ನು ಕೂಡಿಸಿ, ಇದರಂತೆ ನಡೆಯಿರಿ, ಇಲ್ಲವಾದರೆ ಗೋಡೆಯಿಂದ ಇಳಿಸಿರಿ ಎಂಬ ಸವಾಲನ್ನು ಚರ್ಚೆಗಿಟ್ಟನು. 1982ರಲ್ಲಿ ಷಿಕಾಗೋ ಪ್ರದೇಶದಲ್ಲಿ ಯಾರೋ ವಿಷ ಬೆರೆಸಿದ ಟೈಲನಾಲ್ ಗುಳಿಗೆಗಳಿಂದ ಏಳು ಮಂದಿ ಸತ್ತಾಗ, ಸಂಸ್ಥೆ ಸುಮಾರು 3 ಕೋಟಿ 10 ಲಕ್ಷ ಶೀಸೆಗಳನ್ನು ಹಿಂದಕ್ಕೆ ಪಡೆಯಿತು. ಆ ಪುಟ ಸದಾ ಕಾಪಾಡಿತೆಂದಲ್ಲ. ಔಷಧಗಳ ಪ್ರಚಾರದ ಆಪಾದನೆಗಳಿಗಾಗಿ 2013ರಲ್ಲಿ ಇದೇ ಸಂಸ್ಥೆ 220 ಕೋಟಿ ಡಾಲರಿಗೂ ಹೆಚ್ಚು ತೆರಲು ಒಪ್ಪಿತು.

ಎನ್ರಾನ್ ಸಂಸ್ಥೆ 2000ದ ಜುಲೈಯಲ್ಲಿ ಹೊರತಂದ ಸಂಹಿತೆ 64 ಪುಟಗಳದು. ಅದಕ್ಕೂ ಒಂದು ವರ್ಷ ಮೊದಲೇ ಅದರ ನಿರ್ದೇಶಕ ಮಂಡಲಿ, ಆಗ ಜಾರಿಯಲ್ಲಿದ್ದ ಸಂಹಿತೆಯಿಂದ ಹಣಕಾಸಿನ ಮುಖ್ಯಾಧಿಕಾರಿ ಆಂಡ್ರ್ಯೂ ಫಾಸ್ಟೋಗೆ ವಿನಾಯಿತಿ ಕೊಟ್ಟು, ಸಂಸ್ಥೆಯೊಡನೆಯೇ ವ್ಯವಹರಿಸುವ ಪಾಲುದಾರಿಕೆಗಳನ್ನು ನಡೆಸಲು ಬಿಟ್ಟಿತ್ತು. 2001ರ ಡಿಸೆಂಬರಿನಲ್ಲಿ ಸಂಸ್ಥೆ ದಿವಾಳಿಯೆದ್ದಿತು. ಮರುವರ್ಷದ ಸಾರ್ಬೇನ್ಸ್-ಆಕ್ಸ್ಲಿ ಕಾನೂನು, ಹಣಕಾಸಿನ ಹಿರಿಯ ಅಧಿಕಾರಿಗಳಿಗೆ ಸಂಹಿತೆಯುಂಟೋ ಇಲ್ಲವೋ ಎಂಬುದನ್ನೂ, ಅದರಿಂದ ಯಾರಿಗಾದರೂ ವಿನಾಯಿತಿ ಕೊಟ್ಟರೆ ಆ ವಿನಾಯಿತಿಯನ್ನೂ ಬಹಿರಂಗಪಡಿಸಬೇಕೆಂದು ವಿಧಿಸಿತು.